ಗೇಲನ್ ಬ್ರಾಟನ್ ಬೇಕೆಂದೇ ಕಳೆದ ಡಿಸ್ಕುಗಳು

ಗೇಲನ್ ಬ್ರಾಟನ್ ಡಿಸ್ಕ್ ಎಸೆಯಲು ನಿಂತರೆ ಗುರುವಾರದ ಡಿಸ್ಕ್ ಗಾಲ್ಫ್ ತಂಡದವರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ದೂರದಿಂದ ಎಸೆದು ಒಂದಾದ ಮೇಲೊಂದರಂತೆ ಒಂಬತ್ತು ಬುಟ್ಟಿಗೆ ಬೀಳಿಸುವ ಆಟ ಅದು. ಅರವತ್ತಮೂರು ವರ್ಷದ ಗಟ್ಟಿಮುಟ್ಟಾದ ಆಳು, ತೋಳಲ್ಲಿ ಬೇಕಾದಷ್ಟು ಬಲವಿತ್ತು. ಆದರೆ ಎಸೆತಕ್ಕೆ ದಿಕ್ಕುದೆಸೆ ಇರಲಿಲ್ಲ. ಅದರಲ್ಲೂ ಏಳನೇ ಬುಟ್ಟಿ ಬಂತೆಂದರೆ ಮುಗಿದೇಹೋಯಿತು. ಚರ್ಚಿನ ಹಿಂದಿನ ಇಳಿಜಾರು, ಎಡಕ್ಕೆ ಹಳೆಯ ಸಮಾಧಿಗಳು, ಬಲಕ್ಕೆ ಪೊದೆ ಬೆಳೆದ ಹಳ್ಳ, ನೇರ ಎದುರಿಗೆ ಕಂಬಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಅಲ್ಲಿ ಗೇಲನ್ ಎಸೆದ ಎರಡು ಮೂರು ಡಿಸ್ಕುಗಳೂ ವಾರವಾರವೂ ತಪ್ಪದೆ ಬಲಕ್ಕೆ ವಾಲಿ ಹಳ್ಳ ಸೇರುತ್ತಿದ್ದವು.

“ಏನಪ್ಪಾ ಗೇಲನ್, ಮೀನುಗಳಿಗೆ ಊಟದ ತಟ್ಟೆ ಇನ್ನೂ ಸಾಲ್ತಿಲ್ವಂತಾ?” ಎಂದು ಡ್ವೇನ್ ಹಾಫ್ ರೇಗಿಸುತ್ತಿದ್ದ. ಡ್ವೇನ್ ಊರಿನ ಪ್ಲಂಬರು, ಚರ್ಚಿನಲ್ಲಿ ಗೇಲನ್ ಕೂರುವ ಬೆಂಚಿನ ಹಿಂದಿನ ಬೆಂಚಿನವನು.

“ಸಿಕ್ಕಿದೋರು ಫೋನ್ ಮಾಡ್ತಾರೆ ಬಿಡು,” ಎಂದು ಗೇಲನ್ ಹುಡುಕುವ ನಾಟಕವನ್ನೂ ಆಡದೆ ಎಂಟನೆಯದರ ಕಡೆ ನಡೆದುಬಿಡುತ್ತಿದ್ದ.

ಅದು ಈ ಆಟದವರ ಕಟ್ಟುಪಾಡು. ಪ್ರತಿ ಡಿಸ್ಕಿನ ಹಿಂಬದಿಯಲ್ಲಿ ಅಳಿಸದ ಶಾಯಿಯಲ್ಲಿ ಹೆಸರು, ಫೋನ್ ನಂಬರು ಬರೆದಿರುತ್ತದೆ. ಸಿಕ್ಕಿದವನು ಫೋನ್ ಮಾಡಲೇಬೇಕು. ಮಾಡದೆ ಇಟ್ಟುಕೊಂಡವನನ್ನು ಕಳ್ಳನಿಗಿಂತ ಕಡೆಯಾಗಿ ಕಾಣುತ್ತಾರೆ. ಗೇಲನ್ ಇಡೀ ಬದುಕನ್ನು ಆ ಕಟ್ಟುಪಾಡಿನ ಮೇಲೆ ಕಟ್ಟಿ ಕೂತಿದ್ದಾನೆಂಬುದು ಡ್ವೇನನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಹೆಂಡತಿ ಲವೋನಳನ್ನು ಬಿಟ್ಟರೆ.

ಮಜವೆಂದರೆ ಚರ್ಚಿನ ಅಂಗಳದಲ್ಲಿ ಈ ಆಟವೇ ಬೇಡವೆಂದು ಎದ್ದು ನಿಂತವನೂ ಗೇಲನ್ನೇ. ಒಂಬತ್ತು ವರ್ಷದ ಹಿಂದಿನ ಸಭೆ. ಮೂವತ್ತು ವರ್ಷ ಜಿಲ್ಲೆಯ ರಸ್ತೆ ಯಂತ್ರಗಳನ್ನು ರಿಪೇರಿ ಮಾಡಿದವನು, ಚರ್ಚಿನ ಹುಲ್ಲನ್ನು ಬಿಟ್ಟಿಯಾಗಿ ಕತ್ತರಿಸಿಕೊಂಡು ಬಂದವನು. ತಾನು ಹೇಳಿದ್ದು ನಡೆಯುತ್ತದೆಂಬ ಗತ್ತಿತ್ತು. “ನಮ್ಮ ಅಜ್ಜಿ ಮಲಗಿರೋ ಜಾಗದ ಪಕ್ಕ ತಟ್ಟೆ ಎಸ್ಕೊಂಡು ಕುಣೀತೀರಾ? ಇದು ಚರ್ಚೋ ಜಾತ್ರೆನೋ?” ಎಂದು ಗುಡುಗಿದ. ಆಟ ಬೇಕೆಂದು ಅರ್ಜಿ ಹಿಡಿದು ಎದುರು ನಿಂತಿದ್ದವನು ಅವನದೇ ಮಗ, ಡೆರಿಕ್. ಸಭೆ ಕೈ ಎತ್ತಿತು, ಮಗ ಗೆದ್ದ. ಒಂಬತ್ತು ಕಂಬಕ್ಕೂ ಡೆರಿಕ್ಕೇ ಗುಂಡಿ ತೋಡಿ ಸಿಮೆಂಟು ಹಾಕಿದ. ಅಪ್ಪ ಆ ಕಂಬಗಳ ಸುತ್ತ ಹುಲ್ಲು ಕತ್ತರಿಸುವಾಗಲೂ ಮುಖ ಊದಿಸಿಕೊಂಡೇ ಇರುತ್ತಿದ್ದ.

ಆಮೇಲೆ ಡೆರಿಕ್ ಕೆಲಸಕ್ಕಿದ್ದ ಜೋಳದ ಗೋದಾಮಿನಲ್ಲಿ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ. ನೋವಿಗೆ ಮಾತ್ರೆ ಬಂತು. ನೋವು ಹೋದ ಮೇಲೂ ಮಾತ್ರೆ ಉಳಿಯಿತು, ಮಾತ್ರೆ ಸಿಗದಾದಾಗ ಅದಕ್ಕಿಂತ ಕೆಟ್ಟದ್ದು ಬಂತು. ಮನೆಯಿಂದ ಮರ ಕೊಯ್ಯುವ ಯಂತ್ರ ಹೋಯಿತು, ವೆಲ್ಡಿಂಗ್ ಯಂತ್ರ ಹೋಯಿತು, ಲವೋನಳ ತಾಯಿಯ ಬೆಳ್ಳಿ ಚಮಚಗಳು ಹೋದವು. ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ಗೇಲನ್ ಬಾಗಿಲಿನ ಬೀಗ ಬದಲಾಯಿಸಿದ.

ಮರುದಿನ ಮಧ್ಯಾಹ್ನ ಡೆರಿಕ್ ಬಂದ. ಕೀಲಿ ತಿರುಗಿಸಿದ, ತಿರುಗಲಿಲ್ಲ. ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದ. ಮೂರನೇ ಸಲ ಹಾಕಿದಾಗ ಗೇಲನ್ ಒಳಗೆ ಟೀವಿಯ ಸದ್ದು ಏರಿಸಿದ. ಮಗನಿಗೆ ಬುದ್ಧಿ ಬರಲೆಂದು ಮಾಡಿದ್ದು ಅದು. ಅಡುಗೆಮನೆಯಿಂದ ಓಡಿಬಂದ ಲವೋನಳನ್ನು ಕಣ್ಣಲ್ಲೇ ಗದರಿಸಿ ನಿಲ್ಲಿಸಿದ. ಹೊರಗೆ ಮೆಟ್ಟಿಲಿಳಿಯುವ ಸದ್ದಾಯಿತು. ಅಂದಿನಿಂದ ಡೆರಿಕ್ಕನ ಸುಳಿವಿಲ್ಲ, ಫೋನ್ ಸತ್ತುಹೋಗಿದೆ. ಊರವರು ಕೇಳಿದರೆ “ಡಕೋಟಾದಲ್ಲಿ ಎಣ್ಣೆ ಬಾವಿ ಕೆಲಸ, ಬಿಡುವಿಲ್ಲ” ಎಂದು ಗಂಡಹೆಂಡಿರು ಒಂದೇ ಬಾಯಲ್ಲಿ ಸುಳ್ಳು ಹೇಳಿದರು.

ಇಷ್ಟು ಕಾಲದಲ್ಲಿ ಬಂದ ಸುಳಿವು ಒಂದೇ. ಈ ವರ್ಷದ ವಸಂತದಲ್ಲಿ ಚರ್ಚಿನ ಊಟದ ಚಪ್ಪರದಡಿ ಯಾರೋ ಮಲಗಿ ಎದ್ದು ಹೋದ ಗುರುತಿತ್ತು. ಅದೇ ವಾರ ಪಕ್ಕದೂರಿನ ಆಟಗಾರನೊಬ್ಬ ಬಂದು ಹೇಳಿದ: “ನಾನು ಕಳ್ಕೊಂಡಿದ್ದ ಡಿಸ್ಕಿನ ವಿಷಯಕ್ಕೆ ಯಾರೋ ಫೋನ್ ಮಾಡಿದ್ರು. ‘ನಿಮ್ ಡಿಸ್ಕು ಏಳನೇದರ ಹಳ್ಳದಲ್ಲಿತ್ತು, ಬೇಲಿಗೆ ಸಿಗಿಸಿದೀನಿ’ ಅಂದ್ರು. ಹೆಸರು ಕೇಳಿದ್ರೆ ಇಟ್ಟುಬಿಟ್ರು. ಗಂಟಲು ಕಟ್ಟಿದ ಹಾಗಿತ್ತು, ಪಾಪ.”

ಗೇಲನ್ ಹುಲ್ಲಿನ ಯಂತ್ರ ಅಲ್ಲೇ ಬಿಟ್ಟು ಮನೆಗೆ ಓಡಿದ.

“ಅವನೇ ಕಣೇ. ನನ್ನ ಯಂತ್ರ ಮಾರ್ಕೊಂಡ, ಆದ್ರೆ ಇನ್ನೊಬ್ಬರ ಡಿಸ್ಕು ಯಾವತ್ತೂ ಇಟ್ಕೊಂಡೋನಲ್ಲ.”

“ಅವನಿಗೆ ನಮ್ಮ ನಂಬರ್ ಬಾಯಿಪಾಠ ಗೇಲನ್. ಮಾಡೋ ಮನಸ್ಸಿದ್ರೆ ಯಾವತ್ತೋ ಮಾಡ್ತಿದ್ದ.”

“ನಮಗೋಸ್ಕರ ಮಾಡಲ್ಲ. ಡಿಸ್ಕಿಗೋಸ್ಕರ ಮಾಡ್ತಾನೆ.”

ಲವೋನ್ ಸಿಂಕಿನ ಕಡೆ ತಿರುಗಿ, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಗೇಲನ್ ಇಪ್ಪತ್ತೇಳು ಡಿಸ್ಕು ಕೊಂಡ. ಹೊಳೆಯುವ ಕಿತ್ತಳೆ ಬಣ್ಣದವು, ಪೊದೆಯಲ್ಲೂ ಕಣ್ಣಿಗೆ ಹೊಡೆಯಬೇಕು. ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಒಂದೊಂದರ ಹಿಂದೆಯೂ ದಪ್ಪಕ್ಷರದಲ್ಲಿ ತನ್ನ ಹೆಸರು, ಮನೆಯ ನಂಬರು ಬರೆದ. ಕೊಂಕಿದ ಬೆರಳಿನಲ್ಲಿ ಅಕ್ಷರ ಸೊಟ್ಟಗಾದರೆ ಅದರ ಮೇಲೆಯೇ ಮತ್ತೆ ತಿದ್ದಿದ. ಆದರೆ ವಿನಾಕಾರಣ ಹಳ್ಳದ ದಂಡೆಯಲ್ಲಿ ಡಿಸ್ಕು ಚೆಲ್ಲುತ್ತ ಓಡಾಡಿದರೆ ಊರು ಸುಮ್ಮನಿರುತ್ತದೆಯೇ? ಅದಕ್ಕೇ ಗುರುವಾರದ ತಂಡ ಸೇರಿದ. ತಾನು ಬೈದ ಆಟವನ್ನು ಕಲಿಯಲು ಮುದುಕನಾಗುವ ಹೊತ್ತಿಗೆ ಹೋಗಿ ನಿಂತ. ಎಲ್ಲರೂ ನಕ್ಕರೆ ಹಲ್ಲು ಕಚ್ಚಿ ತಾನೂ ನಕ್ಕ.

ಫೋನು ಬರತೊಡಗಿತು. ಅಯ್ಯೋ, ಬಂದದ್ದಕ್ಕೆ ಲೆಕ್ಕವಿಲ್ಲ! ರಿಂಗಾಯಿತೆಂದು ಗೇಲನ್ ಊಟದ ನಡುವೆ ಎದ್ದು ಕುರ್ಚಿ ಬೀಳಿಸಿಕೊಂಡು ಓಡಿ ಎತ್ತಿದರೆ, ಆ ಕಡೆ ನಿವೃತ್ತ ನರ್ಸಮ್ಮನ ಖುಷಿಯ ದನಿ: “ಗೇಲನ್, ನಿನ್ನ ಡಿಸ್ಕು ಸಿಕ್ತಪ್ಪಾ! ನಾಯಿ ತಿರುಗಾಡಿಸ್ತಿದ್ದೆ, ಕಣ್ಣಿಗೆ ಬಿತ್ತು.” ಇನ್ನೊಂದು ದಿನ ಬ್ಯಾಂಕಿನ ಹುಡುಗಿ. ಮತ್ತೊಂದು ದಿನ ಸ್ವತಃ ಪಾಸ್ಟರಮ್ಮ. “ತುಂಬಾ ಉಪಕಾರ ಆಯ್ತು” ಎಂದು ಹೇಳಿ, ಹೋಗಿ ಇಸಿದುಕೊಂಡು ಬಂದು, ಮುಂದಿನ ಗುರುವಾರ ಅದನ್ನೇ ಮತ್ತೆ ಎಸೆಯುತ್ತಿದ್ದ. ಒಂದು ಸಲ ಫೋನಿಟ್ಟವನೇ ಗೋಡೆಗೆ ಗುದ್ದಿದ. “ಈ ಊರಲ್ಲಿ ಒಬ್ಬನಾದ್ರೂ ಕಳ್ಳ ಹುಟ್ಟಬಾರದಿತ್ತಾ!” ಎಂದು ಕಿರುಚಿದ. ಲವೋನ್ ಬಂದು ಆ ಕೈ ಹಿಡಿದುಕೊಂಡಳು. ಇಬ್ಬರೂ ಗೋಡೆಗೊರಗಿ ನಿಂತು ಅತ್ತರು.

ಅಕ್ಟೋಬರ್ ಬಂತು. ಕೈಯಲ್ಲಿದ್ದ ಕೊನೆಯ ಡಿಸ್ಕನ್ನೂ ಗೇಲನ್ ಹಳ್ಳಕ್ಕೆ ಎಸೆದಿದ್ದ. ಇಪ್ಪತ್ತೇಳೂ ಈಗ ಅಲ್ಲಿದ್ದವು. ಇನ್ನು ಮೂರು ವಾರಕ್ಕೆ ಹಿಮ ಬಿದ್ದರೆ ಎಲ್ಲ ಮುಚ್ಚಿಹೋಗುತ್ತದೆ. ಆಮೇಲೆ ಏಪ್ರಿಲ್ ತನಕ ಕಾಯಬೇಕು. ಇನ್ನೊಂದು ಚಳಿಗಾಲವನ್ನು ಹುಡುಗ ಹೊರಗೆ ಹೇಗೆ ಕಳೆದಾನು? ಊಟ ಸೇರದಾಯಿತು, ನಿದ್ದೆ ಹತ್ತದಾಯಿತು. ಈ ಮೂರು ವಾರದಲ್ಲಿ ಒಂದು ಫೋನು ಬರಲಿ ದೇವರೇ ಎಂದು ಹುಲ್ಲು ಕತ್ತರಿಸುತ್ತಲೇ ಬೇಡಿಕೊಂಡ.

ಆ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ನೆಲಮಾಳಿಗೆಗೆ ಕಾಫಿಗೆ ಇಳಿದಾಗ ಡ್ವೇನ್ ಚಮಚದಿಂದ ಕಪ್ಪು ತಟ್ಟಿದ. ಅವನ ಮುಖ ಮದುವೆಮನೆಯ ಯಜಮಾನನ ಹಾಗೆ ಅರಳಿತ್ತು. ಇಬ್ಬರು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದರು, ಮೇಲೆ ರಿಬ್ಬನ್ ಬೇರೆ.

“ವರ್ಷವೆಲ್ಲಾ ನಮಗೋಸ್ಕರ ಹುಲ್ಲು ಕತ್ತರಿಸ್ತಾನೆ ನಮ್ಮ ಗೇಲನ್. ವಾರವಾರ ಹಳ್ಳಕ್ಕೆ ಕಾಣಿಕೆ ಹಾಕಿ ಬಾಯಿಬಿಡದೆ ಮನೆಗೆ ಹೋಗ್ತಾನೆ, ಒಂದಿನ ಗೊಣಗಲಿಲ್ಲ. ಅದಕ್ಕೇ ನಿನ್ನೆ ತಂಡದೋರೆಲ್ಲ ಹಳ್ಳಕ್ಕಿಳಿದು, ಮುಳ್ಳು ಕಡಿದು, ಕೆಸರು ಕಲಕಿ... ತೆಗಿ, ತೆಗಿ!”

ಗೇಲನ್ ಮುಚ್ಚಳ ತೆಗೆದ. ಉಜ್ಜಿ ತೊಳೆದು ಒರೆಸಿ ಜೋಡಿಸಿಟ್ಟ ಕಿತ್ತಳೆ ಡಿಸ್ಕುಗಳು. ನೆಲಮಾಳಿಗೆಯ ತುಂಬ ಚಪ್ಪಾಳೆ. ಆರು ತಿಂಗಳು ಹಾಸಿದ ಬಲೆಯನ್ನು ಈ ಪುಣ್ಯಾತ್ಮರು ಒಂದೇ ದಿನದಲ್ಲಿ ಸುತ್ತಿ ತಂದು ಕೈಗಿಟ್ಟಿದ್ದರು. ನಗಬೇಕಿತ್ತು, ತುಟಿ ಅರಳಲಿಲ್ಲ. ಮುಖ ಮುಚ್ಚಿಕೊಳ್ಳಲು ಬಗ್ಗಿ ಡಿಸ್ಕುಗಳನ್ನು ಎಣಿಸುವವನ ಹಾಗೆ ಮಾಡಿದ. ಮಾಡುತ್ತ ಮಾಡುತ್ತ ನಿಜಕ್ಕೂ ಎಣಿಸಿದ. ಮತ್ತೊಮ್ಮೆ ಎಣಿಸಿದ.

ಇಪ್ಪತ್ತಾರು.

“ಲವೋನ್,” ಎಂದು ತಲೆ ಎತ್ತಿದ. “ಒಂದಿಲ್ಲ.”

ಲವೋನಳ ಕೈಯಲ್ಲಿದ್ದ ತಟ್ಟೆಯಿಂದ ಕುಕ್ಕೀಸು ಜಾರಿ ಬಿದ್ದವು. ಯಾರೋ ಒಂದನ್ನು ತೆಗೆದುಕೊಂಡಿದ್ದಾರೆ. ಎತ್ತಿಕೊಂಡಿದ್ದಾರೆ, ಫೋನು ಮಾಡಿಲ್ಲ, ಇಟ್ಟುಕೊಂಡಿದ್ದಾರೆ. ಊರಿನ ಯಾರೂ ಹಾಗೆ ಮಾಡುವವರಲ್ಲ. ಅಪ್ಪನ ಸೊಟ್ಟ ಅಕ್ಷರ ಕಂಡು, ಕರೆ ಮಾಡಲೂ ಆಗದೆ, ಬಿಟ್ಟುಹೋಗಲೂ ಆಗದೆ ಎದೆಗವಚಿಕೊಂಡು ಹೋದವನು ಒಬ್ಬನೇ ಇರಬೇಕು. ಎರಡು ವರ್ಷದಲ್ಲಿ ಮೊದಲ ಸಲ ಗೇಲನ್‌ನ ಎದೆ ಹಗುರಾಯಿತು.

“ಒಂದಿಲ್ವಾ?” ಡ್ವೇನ್ ಪೆಚ್ಚಾದ. “ಛೆ, ಛೆ! ಇರು, ಈಗಲೇ ಹುಡುಕ್ತೀವಿ.”

“ಬೇಡ ಡ್ವೇನ್.”

“ಅಯ್ಯೋ, ಅದೇನು ದೊಡ್ಡ ಕೆಲಸ?”

“ಬೇಡಪ್ಪ, ನಿಜವಾಗ್ಲೂ. ಇರಲಿ ಬಿಡಿ.”

ಈ ಊರಲ್ಲಿ ಕಾಫಿ ಕೊಟ್ಟರೆ ಮೊದಲ ಸಲಕ್ಕೇ ಕೈಚಾಚುವವನು ಗತಿಗೆಟ್ಟವನು. ಎರಡು ಸಲ ಬೇಡವೆನ್ನಬೇಕು, ಮೂರನೇ ಸಲ “ಹಾಗಾದ್ರೆ ಅರ್ಧ ಕಪ್ಪು” ಎನ್ನಬೇಕು. ಬೇಡವೆಂದರೆ ಬೇಡವೆಂದು ತಿಳಿಯುವವರು ಇಲ್ಲಿ ಯಾರೂ ಇಲ್ಲ. ಗೇಲನ್ ಎಷ್ಟು ಸಲ ಬೇಡವೆಂದನೋ ಅಷ್ಟೂ ಅವರಿಗೆ ಅವನ ಸಂಕೋಚವಾಗಿ, ದೊಡ್ಡತನವಾಗಿ ಕಂಡಿತು. “ನೋಡಿ, ಎಂಥಾ ಮನುಷ್ಯ” ಎನ್ನುತ್ತ ಭಾನುವಾರದ ಬೂಟುಗಳಲ್ಲೇ ಇಪ್ಪತ್ತು ಮಂದಿ ಇಳಿಜಾರಿಗೆ ಇಳಿದರು.

ಗೇಲನ್ ಹಿಂದೆಯೇ ಓಡಿದ. ಒಬ್ಬರ ತೋಳು ಹಿಡಿದ, ಇನ್ನೊಬ್ಬರ ಎದುರು ಕೈ ಅಡ್ಡ ಹಿಡಿದ. ಅವರು ಬೆನ್ನು ತಟ್ಟಿ ಮುಂದೆ ಹೋದರು. ನರ್ಸಮ್ಮ ಊರುಗೋಲಿನಿಂದ ಪೊದೆ ಸರಿಸುತ್ತಿದ್ದಳು. ಡ್ವೇನ್ ಇಸ್ತ್ರಿ ಮಾಡಿದ ಪ್ಯಾಂಟನ್ನು ಮಡಚದೆ ಹಾಗೆಯೇ ನೀರಿಗೆ ಇಳಿದು, ಬಿದ್ದ ಮರದ ಬೇರುಗಳ ನಡುವೆ ಮೊಣಕೈ ತನಕ ತೋಳಿಳಿಸಿ ತಡಕತೊಡಗಿದ.

“ಹುಡುಕಬೇಡ್ರೋ!”

ಆ ಕೂಗಿಗೆ ಎಲ್ಲರೂ ನಿಂತರು. ಚರ್ಚಿನ ಅಂಗಳದಲ್ಲಿ ಯಾರೂ ಹಾಗೆ ಅರಚಿದ್ದಿಲ್ಲ.

“ಕಳೆದುಕೊಂಡಿದ್ದಲ್ಲ ನಾನು. ಇಟ್ಟಿದ್ದು. ನನ್ನ ಮಗನಿಗೆ ಅಂತ ಇಟ್ಟಿದ್ದು. ಡಕೋಟಾನೂ ಇಲ್ಲ, ಎಣ್ಣೆ ಬಾವಿನೂ ಇಲ್ಲ. ಬೀಗ ಬದಲಾಯಿಸಿದೆ. ಮೂರು ಸಲ ಕೀಲಿ ಹಾಕಿ ನೋಡಿದ ಕಣ್ರೋ, ನಾನು ಒಳಗೆ ಕೂತು ಕೇಳಿಸ್ಕೊಂಡೆ. ಟೀವಿ ಜೋರು ಮಾಡ್ದೆ. ಎಲ್ಲಿದಾನೋ, ಇದಾನೋ ಇಲ್ವೋ ಗೊತ್ತಿಲ್ಲ. ಆ ಒಂದು ಇಲ್ಲಿ ಸಿಗದಿದ್ರೆ ಅವನ ಹತ್ರ ಇದೆ. ಅವನ ಹತ್ರ ಇದ್ರೆ ಅವನು ಬದುಕಿದಾನೆ. ದಮ್ಮಯ್ಯ, ಹುಡುಕಬೇಡಿ.”

ಒಬ್ಬೊಬ್ಬರೇ ಪೊದೆಯಿಂದ ಕೈ ತೆಗೆದು, ತಲೆ ತಗ್ಗಿಸಿ ದಂಡೆಗೆ ಬಂದರು. ಡ್ವೇನ್ ಮಾತ್ರ ಕದಲಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ಇದ್ದ, ತೋಳು ಬೇರಿನಡಿ ಎಲ್ಲಿತ್ತೋ ಅಲ್ಲೇ ನಿಂತಿತ್ತು. ನೀರು ಅವನ ತೊಡೆ ಬಳಸಿ ಹರಿಯುತ್ತಿತ್ತು.

ಗೇಲನ್ ಅದನ್ನು ನೋಡಿದ.

ಬಹಳ ಹೊತ್ತಾದ ಮೇಲೆ ಡ್ವೇನ್ ನಿಧಾನವಾಗಿ ತೋಳು ಮೇಲೆತ್ತಿ, ಬರಿಗೈಯನ್ನು ಎಲ್ಲರಿಗೂ ಕಾಣುವಂತೆ ಬಿಡಿಸಿ ಹಿಡಿದ.

“ಇಲ್ಲ ಗೇಲನ್,” ಎಂದ. “ಇಲ್ಲೇನೂ ಇಲ್ಲ.”

ಡ್ವೇನ್ ಹಾಫನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇಸ್ಪೀಟಾಟದಲ್ಲೂ ಬರುವುದಿಲ್ಲ, ಕಿವಿ ಕೆಂಪಾಗಿಬಿಡುತ್ತವೆ. ಈಗಲೂ ಎರಡೂ ಕಿವಿ ಕೆಂಪಗೆ ಉರಿಯುತ್ತಿದ್ದವು.

ಲವೋನ್ ಓಡಿಬಂದು ಗಂಡನ ಭುಜ ಹಿಡಿದು ಅಲುಗಿಸಿದಳು. ಅವಳು ಅಳುತ್ತಲೇ ನಗುತ್ತಿದ್ದಳು. “ಕೇಳಿದ್ಯಾ? ಅಲ್ಲಿಲ್ವಂತೆ! ಅವನ ಹತ್ರ ಇದೆ ಗೇಲನ್, ನನ್ನ ಮಗ ಬದುಕಿದಾನೆ!”

ಗೇಲನ್ ಅವಳ ಮುಖ ನೋಡಿದ, ನೀರಿನಲ್ಲಿ ನಿಂತ ಡ್ವೇನನ ಮುಖ ನೋಡಿದ.

“ಹೂಂ ಕಣೇ,” ಎಂದ. “ಅವನ ಹತ್ರನೇ ಇದೆ.”