ಕೊಳವೆಯ ಗೋಡೆಗೆ ಅಂಟಿದ ತುಣುಕು

ಮೂವತ್ತೊಂದು ವರ್ಷದಿಂದ ಅದೇ ಪ್ರಯೋಗಾಲಯದ ಅದೇ ಮೇಜಿನ ಮುಂದೆ ನಿಂತು ದುಡಿದ ಆ ತಂತ್ರಜ್ಞೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಮೊಂಡಕ್ಕ. ಅದು ಅವಳಿಗೂ ಗೊತ್ತಿತ್ತು. ನೆಟ್ಟಗಿಲ್ಲದ ಕೆಲಸಕ್ಕೆ ಬಗ್ಗದಿದ್ದರೆ ಮೊಂಡು ಅಂದುಕೊಳ್ಳಲಿ ಬಿಡು, ಎನ್ನುತ್ತಿದ್ದಳು.

ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪುಟ್ಟ ಪ್ರೋಟೀನ್ ಸರಪಳಿಯೇ ನ್ಯೂರೋಪೆಪ್ಟೈಡ್. ಮಿದುಳಿನಲ್ಲಿ ಅದು ಬೇಗನೆ ತುಂಡಾಗುತ್ತದೆ. ಆ ತುಣುಕು ಬರೀ ಕಸವೋ, ಇಲ್ಲ ಅದೂ ಗ್ರಾಹಕದ ಮೇಲೆ, ಅಂದರೆ ಜೀವಕೋಶ ಸುದ್ದಿ ಹಿಡಿಯುವ ಜಾಗದಲ್ಲಿ, ಹೋಗಿ ಕೂರುತ್ತದೋ ಎಂಬುದು ಅಲ್ಲಿನ ಪ್ರಶ್ನೆ. ಅಕ್ಕ ಅಳೆದಾಗ ಕೂತಿತು. ಹೊಸ ಸಂಶೋಧಕ ಅಳೆದಾಗ ಕೂರಲಿಲ್ಲ.

ಮುಖ್ಯಸ್ಥರು ದಾಖಲೆ ಪುಸ್ತಕದಲ್ಲಿ 'ಮೊದಲ ಫಲಿತಾಂಶ ತಂತ್ರಜ್ಞೆಯ ಕೈತಪ್ಪು' ಎಂದು ಬರೆದು, ಅವಳಿಗೆ ಸಹಿ ಹಾಕಲು ಹೇಳಿದರು. ಅಕ್ಕ ಪೆನ್ನು ಮುಟ್ಟಲಿಲ್ಲ. ಕೊಳವೆಗಳನ್ನು ಮೊದಲು ಆಲ್ಬುಮಿನ್ ಪ್ರೋಟೀನ್ ಬೆರೆಸಿದ ನೀರಿನಲ್ಲಿ ಅದ್ದಿ ಒಳಗೋಡೆಗೆ ಲೇಪ ಕೊಟ್ಟಿದ್ದೆಯಾ ಎಂದು ಸಂಶೋಧಕನನ್ನು ಕೇಳಿದಳು. ಅದೆಲ್ಲ ಅಜ್ಜಿ ಕಾಲದ್ದು, ಹೊಸ ಕೊಳವೆಗೆ ಬೇಕಿಲ್ಲ ಎಂದ ಅವನು. ಲೇಪವಿಲ್ಲದ ಪ್ಲಾಸ್ಟಿಕ್ಕಿಗೆ ಈ ತುಣುಕು ಅಂಟಿಕೊಳ್ಳುತ್ತದೆ, ಗ್ರಾಹಕದ ತನಕ ಹೋಗುವುದೇ ಇಲ್ಲ ಎಂದಳು ಅಕ್ಕ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಮುಖ್ಯಸ್ಥರು.

"ನೆಲ ಡೊಂಕಾಗೇ ಇದ್ರೆ ಇನ್ನೇನನ್ಬೇಕು ಸಾರ್?"

ಹಾಗಾದರೆ ಆ ಲೇಪವೇ ಗ್ರಾಹಕದ ಮೇಲೆ ಕೂತು ಸುಳ್ಳು ಅಳತೆ ತೋರಿಸಿರಬಹುದು ಎಂದು ಅವರು ಇನ್ನೊಂದು ದಾರಿ ಹಿಡಿದರು. ಅಕ್ಕ ಹಿಂದಿನ ಪುಟ ತಿರುಗಿಸಿದಳು. ಲೇಪ ಇದ್ದು ತುಣುಕು ಇಲ್ಲದ ಆರು ಕೊಳವೆ. ಆರರಲ್ಲೂ ಗ್ರಾಹಕದ ಮೇಲೆ ಏನೂ ಕೂತಿರಲಿಲ್ಲ.

ಕೊನೆಗೆ ವಿಕಿರಣದ ಗುರುತು ಹಚ್ಚಿದ ತುಣುಕನ್ನು ಎರಡು ಕೊಳವೆಗೆ ಹಾಕಿಸಿದಳು, ಒಂದಕ್ಕೆ ಲೇಪ ಉಂಟು, ಇನ್ನೊಂದಕ್ಕಿಲ್ಲ. ಹಾಕಿದ್ದು ಸಂಶೋಧಕ. ಅವಳು ಕೈಕಟ್ಟಿ ನಿಂತಿದ್ದಳು.

"ಎಲ್ಲಾ ನೀನೇ ಮಾಡಪ್ಪ. ಆಮೇಲೆ ಕೈತಪ್ಪು ಅನ್ನೋಕೆ ಅಲ್ಲಿ ನನ್ನ ಕೈಯೇ ಇರಬಾರದು."

ಅರ್ಧ ಗಂಟೆ ಬಿಟ್ಟು ದ್ರವ ಚೆಲ್ಲಿ, ಖಾಲಿ ಕೊಳವೆಗಳನ್ನೇ ವಿಕಿರಣ ಎಣಿಸುವ ಯಂತ್ರಕ್ಕಿಟ್ಟರು. ಲೇಪದ ಕೊಳವೆಯಲ್ಲಿ ತುಣುಕು ಹೆಸರಿಗಷ್ಟೇ ಉಳಿದಿತ್ತು. ಬೋಳು ಕೊಳವೆಯ ಗೋಡೆ ಹಾಕಿದ್ದರಲ್ಲಿ ಮೂರನೇ ಎರಡು ಪಾಲು ನುಂಗಿ ಕೂತಿತ್ತು. ಸಂಶೋಧಕ ಯಂತ್ರವನ್ನು ಎರಡು ಸಲ ಓಡಿಸಿ ನೋಡಿದ. ಅಂಕಿ ಬದಲಾಗಲಿಲ್ಲ.

ಮುಖ್ಯಸ್ಥರು ತಾವು ಬರೆದ ಪುಟ ಹರಿಯಲು ಹೋದರು. ಅಕ್ಕ ಅದರ ಮೇಲೆ ಅಂಗೈ ಊರಿದಳು.

"ಹರೀಬೇಡಿ ಸಾರ್. ನೀವು ಬರೆದದ್ದೂ ಇರಲಿ. ಅದರ ಕೆಳಗೇ ಇದನ್ನೂ ಬರೀರಿ."

ಅವರು ಬರೆದರು, ಅಂಕಿ ಸಮೇತ. ಸಹಿಗೆಂದು ಪುಸ್ತಕವನ್ನು ಅವಳತ್ತ ಸರಿಸಿದರು. ಅಕ್ಕ ಸಾವಕಾಶವಾಗಿ ಓದಿ, ಮತ್ತೆ ಅವರ ಮುಂದಕ್ಕೇ ತಳ್ಳಿದಳು.

"ಮೊದಲು ನೀವು ಹಾಕಿ."