ಹೆಬ್ಬೆರಳಿಗೆ ತಿಳಿಯದ ಏಣು

ಬೀದಿಯವರೆಲ್ಲ ಅವಳನ್ನು ಕಟ್ಟಿನಮ್ಮ ಎನ್ನುತ್ತಿದ್ದರು. ಹಿತ್ತಲ ಗೋಡೆಗೆ ಹಬ್ಬಿದ ಸಂದುಬಳ್ಳಿಯ ಎಳೆಯ ಗಿಣ್ಣುಗಳನ್ನು ಕುಯ್ದು, ಅರೆದು, ಮೂಳೆ ಮುರಿದವರಿಗೆ ಪಟ್ಟು ಹಾಕಿ ಬಿದಿರ ದಬ್ಬೆ ಕಟ್ಟುವುದು ಅವಳ ಕಸುಬು. ಬಳ್ಳಿಯ ರಸ ತಾಕಿದ ಕಡೆಯೆಲ್ಲ ಉರಿ, ತುರಿಕೆ. ಅರೆದು ಅರೆದು ಅವಳ ಬೆರಳುಗಳು ಹಳೆಯ ಚಪ್ಪಲಿಯಂತೆ ಜಡ್ಡುಗಟ್ಟಿದ್ದವು.

"ಬಳ್ಳಿ ಬರೀ ಅಂಟು ಕಣೇ," ಎಂದು ಸೊಸೆಗೆ ಹೇಳುತ್ತಿದ್ದಳು, "ಮೂಳೆ ಕೂರಿಸೋದು ಹೆಬ್ಬೆರಳು."

ಕಟ್ಟುವ ಮೊದಲು ಕಣ್ಣು ಮುಚ್ಚಿ ಮುರಿದ ಜಾಗದ ಮೇಲೆ ಹೆಬ್ಬೆರಳು ಓಡಿಸುವಳು. ಏಣು ಸಿಕ್ಕರೆ ಮತ್ತೆ ಎಳೆದು ಕೂರಿಸುವಳು, ನುಣುಪಾಗಿದ್ದರೆ ಕಟ್ಟುವಳು.

ಆ ಹೆಬ್ಬೆರಳಿಗೆ ಈಚೆಗೆ ಏನೂ ತಿಳಿಯುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದು, ಸುಟ್ಟ ವಾಸನೆ ಬಂದ ಮೇಲೆ ಬಿಟ್ಟದ್ದುಂಟು. ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಸೊಸೆ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಗೆರೆ ಎಳೆಯದೆಯೇ ತೋಳಿನ ತಿರುವು ಕತ್ತರಿಸುವ ಕೈ ಅದು. ಒದ್ದೆ ಮೆಟ್ಟಿಲಲ್ಲಿ ಜಾರಿ ಅದೇ ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಗೆ ಹೋಗೋಣ, ಎಕ್ಸ್‌ರೇ ತೆಗೆಸೋಣ ಎಂದು ಮಗ ಹೊರಟುನಿಂತ. ಕಟ್ಟಿನಮ್ಮನಿಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಬೀದಿಗೆಲ್ಲ ಬೇಕಾದವಳು ಮನೆಗೆ ಬೇಡವಾದಳೇ?

ಸೊಸೆ ಅತ್ತೆಯ ಮುಖ ನೋಡಿದಳು. "ಫೋಟೊ ಯಾಕ್ರೀ? ಮುರಿದಿರೋದು ಕೈ, ಮುಖ ಅಲ್ವಲ್ಲ," ಎಂದು ಗಂಡನಿಗೆ ಹೇಳಿ, ನೋವಿನಲ್ಲೇ ನಕ್ಕು, ಕೈಯನ್ನು ಅತ್ತೆಯ ಮಡಿಲಲ್ಲಿಟ್ಟಳು.

ಕಟ್ಟಿನಮ್ಮ ಮೂಳೆ ಎಳೆದು ಕೂರಿಸಿ, ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದಳು. ಏಣೋ ನುಣುಪೋ ಒಂದೂ ಗೊತ್ತಾಗಲಿಲ್ಲ. ಆಗಲಾದರೂ ಬಾಯಿ ಬಿಡಬಹುದಿತ್ತು. "ಸರಿಯಾಗಿ ಕೂತಿದೆ," ಎಂದಳು.

ಕಟ್ಟು ಬಿಚ್ಚಿದಾಗ ಮೂಳೆ ಗಟ್ಟಿಯಾಗಿಯೇ ಕೂಡಿತ್ತು, ಆದರೆ ಓರೆಯಾಗಿ. ಬಳ್ಳಿ ತನ್ನ ಕೆಲಸ ಮಾಡಿತ್ತು. ಸೊಸೆ ಕತ್ತರಿ ಹಿಡಿದಳು. ಮಣಿಕಟ್ಟು ಹೊರಳಲಿಲ್ಲ, ಬಟ್ಟೆ ಅಡ್ಡಾದಿಡ್ಡಿ ಹರಿಯಿತು. ಆಸ್ಪತ್ರೆಯವರು, ಮತ್ತೆ ಮುರಿದು ಕೂರಿಸಬೇಕು, ಆದರೂ ಮೊದಲಿನ ಕೈ ಬರುವುದು ಅನುಮಾನ ಎಂದರು.

ಅಲ್ಲಿಂದ ಬಂದು ಹಾಲು ಕಾಯಿಸುವಾಗ ಕಟ್ಟಿನಮ್ಮ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಳು. ವಾಸನೆ ಸೊಸೆಯ ಮೂಗಿಗೆ ಬಡಿಯಿತು. ಎಡಗೈಯಿಂದ ಅತ್ತೆಯ ಹೆಬ್ಬೆರಳನ್ನು ಹಿಡಿದು ತಿರುಗಿಸಿದಳು. ಹೊಸ ಬೊಬ್ಬೆಯ ಪಕ್ಕದಲ್ಲಿ ಹಳೆಯ ಸುಟ್ಟ ಕಲೆಗಳೂ ಕಂಡವು.

"ಯಾವಾಗಿಂದ ಅತ್ತೆ?"

"ಬಹಳ ದಿನ ಆಯ್ತು."

ಸೊಸೆ ತನ್ನ ಓರೆ ಮಣಿಕಟ್ಟನ್ನೊಮ್ಮೆ ನೋಡಿಕೊಂಡಳು. "ಆವತ್ತೇ ಹೇಳಿದ್ದಿದ್ರೆ ಮೂಳೆ ಆಸ್ಪತ್ರೇಲಿ ಕೂರಿಸ್ಕೊಂಡು ಬಂದು, ಪಟ್ಟು ನಿಮ್ಮ ಹತ್ರಾನೇ ಹಾಕಿಸ್ಕೊಳ್ತಿದ್ದೆ," ಎಂದಳು.

ಆಮೇಲೆ ಬಗ್ಗಿ ಆ ಬೊಬ್ಬೆಯ ಮೇಲೆ ಊದಿದಳು. ಉಸಿರು ತಾಕಿದ್ದೂ ಹೆಬ್ಬೆರಳಿಗೆ ತಿಳಿಯಲಿಲ್ಲ.