ಬೆಳಗಿನ ಹಾಲು, ಸಂಜೆಯ ಕಣ್ಣು

ಸೂಲಿಬೆಲೆ ಸಮೀಪದ ನಮ್ಮೂರಿನ ಹಾಲಿನ ಡೈರಿಯಲ್ಲಿ ನಾನು ಹದಿನೇಳು ವರ್ಷ ಪರೀಕ್ಷಕನಾಗಿದ್ದೆ. ತಂದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಟ್ಟು, ಹಾಲು ಯಾವ ಗೀಟಿನವರೆಗೆ ಬಂದಿದೆ ಎಂದು ನೋಡಿ, ನೀರು ಬೆರೆತಿದೆಯೇ ಇಲ್ಲವೇ ಎಂದು ಹೇಳುವುದು ನನ್ನ ಕೆಲಸ. ಕೊನೆಯ ಎರಡು ವರ್ಷ ಬೆಳಗಿನ ಹೊತ್ತು ಆ ಗೀಟುಗಳು ಆವಿ ಹಿಡಿದ ಗಾಜಿನ ಹಿಂದಿದ್ದಂತೆ ಕಾಣತೊಡಗಿದವು. ಹತ್ತು ಗಂಟೆ ದಾಟಿದರೆ ಮಸುಕು ಕಳೆಯುತ್ತಿತ್ತು. ಸಂಜೆ ಒಂದು ಗೀಟೂ ತಪ್ಪುತ್ತಿರಲಿಲ್ಲ.

ಇದನ್ನು ನಾನು ಮುಚ್ಚಿಡಲಿಲ್ಲ. ಬೆಳಗಿನ ಸರದಿಗೆ ಬೇರೆಯವರನ್ನು ಹಾಕಿ ಎಂದು ಅಧ್ಯಕ್ಷರನ್ನು ಕೇಳಿದೆ. ಅವರು ಕ್ಯಾನು ಹಿಡಿದು ನಿಂತಿದ್ದವರೆಲ್ಲರ ಮುಂದೆ ನಕ್ಕರು. "ಸಾಯಂಕಾಲ ಪೇಪರ್ ಓದ್ತೀಯ, ಬೆಳಿಗ್ಗೆ ಗೀಟು ಕಾಣಲ್ವಾ? ಚಳೀಲಿ ಎದ್ದು ಬರಕ್ಕೆ ಸೋಮಾರಿತನ ಅನ್ನಣ್ಣ!"

ಒಂದು ಬೆಳಿಗ್ಗೆ ಒಬ್ಬ ಹೆಂಗಸಿನ ಒಳ್ಳೆಯ ಹಾಲನ್ನು ನೀರುಹಾಲೆಂದು ಹಿಂದಿರುಗಿಸಿದೆ. ಅವಳ ಹಿಂದೆಯೇ ನಿಂತಿದ್ದ ನನ್ನ ಷಡ್ಡಕನ ನೀರುಹಾಲನ್ನು ಒಪ್ಪಿಕೊಂಡೆ. ಕಾರ್ಯದರ್ಶಿ ಎರಡನ್ನೂ ಮತ್ತೆ ಪರೀಕ್ಷಿಸಿದಾಗ ನನ್ನ ತಪ್ಪು ಹೊರಬಿತ್ತು. ಆಕೆ ಸುಮ್ಮನಾಗಲಿಲ್ಲ. "ಬೆಳಿಗ್ಗೆ ಕುರುಡು, ಸಾಯಂಕಾಲ ಹದ್ದಿನ ಕಣ್ಣು! ನೆಂಟ್ರು ಹಾಲು ಕಂಡ್ರೆ ಮಾತ್ರ ಬರೋ ಕಾಯ್ಲೆನಾ ಅಣ್ಣ ಇದು?" ಆಕೆಗೆ ನನ್ನಿಂದ ಅನ್ಯಾಯವಾದದ್ದು ನಿಜ, ಕ್ಷಮೆಯನ್ನೂ ಕೇಳಿದ್ದೇನೆ. ಆದರೆ ಆಡಳಿತ ಮಂಡಳಿಯು ನನ್ನನ್ನು ತೆಗೆದುಹಾಕುವಾಗ, 'ಉದ್ದೇಶಪೂರ್ವಕವಾಗಿ' ತಪ್ಪು ಓದಿದ್ದೇನೆಂದು ಸಭೆಯ ಪುಸ್ತಕದಲ್ಲಿ ಬರೆಯಿತು. ಆ ಒಂದು ಪದವನ್ನು ನಾನು ಇಂದಿಗೂ ಒಪ್ಪಿಲ್ಲ.

ಆಮೇಲೆ ಕಣ್ಣಿನ ಶಿಬಿರವೊಂದರಲ್ಲಿ ಪೊರೆ ತೆಗೆದರು. ಆದರೂ ಬೆಳಗಿನ ಮಸುಕು ಮಧ್ಯಾಹ್ನದವರೆಗೂ ಬೆಳೆಯಿತು. "ವಯಸ್ಸಾಯ್ತಲ್ಲ, ತಾತ" ಎಂದು ಶಿಬಿರದ ವೈದ್ಯರು ಸಾಗಹಾಕಿದರು. ಮತ್ತೂ ಮೂರು ವರ್ಷ ಕಳೆದ ಮೇಲೆ ನಗರದ ವೈದ್ಯೆಯೊಬ್ಬರು ಕೇಳಿದರು: "ಬೆಳಿಗ್ಗೆ ಜಾಸ್ತಿ ಮಂಜಾಗುತ್ತಾ, ಸಂಜೆನಾ?" ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಪರೀಕ್ಷಿಸಿ ಅವರೇ ವಿವರಿಸಿದರು: ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ಅದರ ಒಳಮೈಯ ಜೀವಕೋಶಗಳು ನೀರನ್ನು ಹೊರಹಾಕುತ್ತಿರಬೇಕು. ನನ್ನಲ್ಲಿ ಅವು ಒಂದೊಂದಾಗಿ ಸಾಯುತ್ತಿದ್ದವು. ಸತ್ತವು ಮತ್ತೆ ಹುಟ್ಟುವುದಿಲ್ಲ. ನಿದ್ದೆಯಲ್ಲಿ ರೆಪ್ಪೆ ಮುಚ್ಚಿರುವಾಗ ನೀರು ತುಂಬಿ ಕಾರ್ನಿಯಾ ಊದುತ್ತದೆ, ಕಣ್ಣು ತೆರೆದಿದ್ದಷ್ಟು ಹೊತ್ತು ಗಾಳಿಗೆ ಆರುತ್ತದೆ.

ಮೊದಲು ಉಪ್ಪಿನ ಹನಿಗಳನ್ನು ಹಾಕಿದರು. ಅವು ಸಾಲದಾದಾಗ, ಸತ್ತವರೊಬ್ಬರು ದಾನವಿತ್ತ ಕಣ್ಣಿನ ತೆಳುಪದರವನ್ನು ನನ್ನ ಬಲಗಣ್ಣಿನೊಳಗೆ ಕೂರಿಸಿದರು. ಒಳಗೆ ಬಿಟ್ಟ ಗಾಳಿಗುಳ್ಳೆ ಆ ಪದರವನ್ನು ಒತ್ತಿ ಹಿಡಿಯಲೆಂದು ಮೂರು ದಿನ ಅಂಗಾತ ಮಲಗಿ ಸೂರು ನೋಡಿದೆ. ಡೈರಿಯಲ್ಲಿ ಬೆಳಗಿನ ಹೊತ್ತು ಗೀಟು ಕಾಣದಿದ್ದದ್ದು ಈ ಕಾಯಿಲೆಯಿಂದಲೇ ಎಂದು ವೈದ್ಯೆಯಿಂದ ಪತ್ರ ಬರೆಸಿಕೊಂಡದ್ದು ಆಮೇಲೆ.

ಡೈರಿಯಲ್ಲಿ ಈಗಿನ ಅಧ್ಯಕ್ಷ ಅದನ್ನು ಓದಿದ. "ಬಿಡಣ್ಣ, ಹಳೇದು. ಯಾರು ನೆನಪಿಟ್ಕೊಂಡವ್ರೆ? ವಾರ್ಷಿಕ ಸಭೇಲಿ ಶಾಲು ಹೊದಿಸ್ತೀವಿ."

"ಶಾಲು ಬೇಡಪ್ಪ. ಆ ಪದ ಹೊಡೆದುಹಾಕು."

"ಹೊಡೆದ್ರೆ ಆಡಿಟ್‌ನೋರು ಕೇಳ್ತಾರೆ."

"ಹಾಗಾದ್ರೆ ಹೊಸ ಠರಾವು ಮಾಡಿ. ಕಾಯಿಲೆಯಿಂದ ಆದ ತಪ್ಪು ಅಂತ ಬರೀರಿ."

"ಮುಂದಿನ ಸಭೇಲಿ ನೋಡಣ."

ಅಂತಹ ಮೂರು ಸಭೆಗಳು ಮುಗಿದಿವೆ. ಮೂರರಲ್ಲೂ ಹೊರಗಿನ ಬೆಂಚಿನ ಮೇಲೆ ಪತ್ರ ಹಿಡಿದು ಕುಳಿತಿದ್ದೇನೆ. ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಬರುವ ತಿಂಗಳ ಎರಡನೆಯ ಸೋಮವಾರ ಬನ್ನಿ, ತಡಮಾಡಬೇಡಿ ಎಂದು ಆಸ್ಪತ್ರೆಯವರು ತಿಳಿಸಿದ್ದರು. ಅಂದು ನಾಲ್ಕನೆಯ ಸಭೆ. ಬೇರೆ ದಿನ ಕೊಡಿ ಎಂದು ನಿನ್ನೆ ಆಸ್ಪತ್ರೆಯವರಿಗೆ ಫೋನಿನಲ್ಲಿ ಹೇಳಿದ್ದೇನೆ.